ಮೇಳದಿಂದ ಹೊರಗೆ ಬಂದವಳು

ನನ್ನ ಮಗಳು ರಸಾಯನಶಾಸ್ತ್ರ ಬಿಟ್ಟು ಗ್ರೀಕರ ನಾಟಕ ಓದಲು ಹೊರಟಿದ್ದಾಳೆಂಬ ಸುದ್ದಿ ನನಗೆ ಸಿಕ್ಕಿದ್ದು ಲಂಡನ್ನಿನ ವೆಂಬ್ಲಿಯ ಈಲಿಂಗ್ ರೋಡಿನ ತರಕಾರಿ ಅಂಗಡಿಯಲ್ಲಿ. ಕೈಯಲ್ಲಿ ಮೆಂತ್ಯದ ಸೊಪ್ಪಿನ ಕಟ್ಟು ಇತ್ತು. ಅವಳ ಗೆಳತಿಯ ತಾಯಿ, ಮೈಸೂರಿನವರು, ಬದನೆಕಾಯಿ ಆರಿಸುತ್ತಾ ಹೇಳಿದರು: "ನಿಮ್ಮ ಮಗಳು ಕ್ಲಾಸಿಕ್ಸ್ ತಗೊಂಡ್ಳಂತಲ್ಲಾ. ತುಂಬಾ ಧೈರ್ಯ ರೀ ಅವಳಿಗೆ." ನಮ್ಮ ಜನ ಇನ್ನೊಬ್ಬರ ಮಕ್ಕಳಿಗೆ ಧೈರ್ಯವಿದೆ ಎಂದರೆ ಏನರ್ಥ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿದ್ದವಳ ಹಾಗೆ ನಕ್ಕು, ಸೊಪ್ಪನ್ನು ಅಲ್ಲೇ ಇಟ್ಟು, ಕಾರಿಗೆ ಬಂದು ಕೂತೆ.

ನಾನು ಅರಿವಳಿಕೆಯ ಡಾಕ್ಟರು. ಜನರನ್ನು ಮಲಗಿಸಿ ಎಬ್ಬಿಸುವುದು ನನ್ನ ಕಸುಬು. ನನ್ನ ಗಂಡ ಮೂಳೆ ಡಾಕ್ಟರು. ನಮ್ಮಂಥವರ ಮನೆಯಲ್ಲಿ ರಸಾಯನಶಾಸ್ತ್ರ ಬಿಡುವುದೆಂದರೆ ಹಬ್ಬದ ದಿನ ಒಲೆ ಹಚ್ಚದೆ ಕೂತಂತೆ. ಹ್ಯಾರೋದ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಕೂಗಿದೆ.

"ಯಾರನ್ನ ಕೇಳಿ ಬಿಟ್ಟಿ?"

"ನೀನು ಕೇಳಲೇ ಇಲ್ಲವಲ್ಲ," ಎಂದಳು ಮೆಟ್ಟಿಲ ಮೇಲಿನಿಂದ.

ಹೇಳಿದ್ದು ಇಂಗ್ಲಿಷಿನಲ್ಲಿ. ಐದು ವರ್ಷವಾದಾಗಿನಿಂದ ಅವಳು ಕನ್ನಡದಲ್ಲಿ ಉತ್ತರ ಕೊಟ್ಟದ್ದು ನನಗೆ ನೆನಪಿಲ್ಲ. ನಾನು ಧಾರವಾಡದ ಕನ್ನಡದಲ್ಲಿ ಬೈಯುತ್ತೇನೆ, ಅವಳು ಹ್ಯಾರೋದ ಇಂಗ್ಲಿಷಿನಲ್ಲಿ ಜವಾಬು ಕೊಡುತ್ತಾಳೆ. ಊಟಕ್ಕೆ ಬಾ ಎಂದರೆ ಬರುತ್ತಾಳೆ, ಉಪ್ಪು ಕೊಡು ಎಂದರೆ ಕೊಡುತ್ತಾಳೆ. ಅದರಾಚೆಗಿನ ಕನ್ನಡ ಅವಳ ತಲೆಗೆ ಹೋಗುವುದಿಲ್ಲ ಎಂದೇ ನಾನು ನಂಬಿದ್ದೆ. ಅವಳು ಇಂಗ್ಲಿಷಿನಲ್ಲಿ ಆಡಿದ್ದನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಬೇರೆ ದಾರಿ ಇಲ್ಲ.

ಎರಡು ವಾರ ಮಾತು ಬಿಟ್ಟೆವು. ಆಮೇಲೆ ಅಕ್ಸ್‌ಬ್ರಿಡ್ಜಿನ ಹಲ್ಲಿನ ಡಾಕ್ಟರ ಹತ್ತಿರ ಅವಳ ತಂತಿ ಬಿಗಿಸಲು ಹೋಗಬೇಕಾಯಿತು. ಹೋಗಿ ಬರುವ ದಾರಿಯಲ್ಲಿ ಇಬ್ಬರೇ. ಸುಮ್ಮನೆ ಕೂರಲಾಗದೆ, "ಏನದ ಅದರಾಗ ಅಂಥಾದ್ದು?" ಎಂದು ಕೇಳಿಬಿಟ್ಟೆ. ನಾನು ಕೇಳುವುದನ್ನೇ ಕಾದಿದ್ದವಳ ಹಾಗೆ ಅವಳು ಶುರು ಮಾಡಿದಳು.

ಮೊದಲು ನಾಟಕವೇ ಇರಲಿಲ್ಲವಂತೆ. ದ್ರಾಕ್ಷಾರಸದ ದೇವರ ಹಬ್ಬಕ್ಕೆ ಐವತ್ತು ಜನ ಗಂಡಸರು ಸುತ್ತುಗಟ್ಟಿ ಕುಣಿಯುತ್ತಾ ಹಾಡುತ್ತಿದ್ದರು. ಮೇಕೆಯನ್ನು ಬಲಿ ಕೊಡುತ್ತಿದ್ದರೋ, ಗೆದ್ದವರಿಗೆ ಬಹುಮಾನವಾಗಿ ಕೊಡುತ್ತಿದ್ದರೋ, ಅದು ಯಾರಿಗೂ ಖಚಿತವಿಲ್ಲ. ದುರಂತ ನಾಟಕಕ್ಕೆ ಅವರು ಇಟ್ಟ ಹೆಸರಿನ ಅರ್ಥ ಮಾತ್ರ ಮೇಕೆಯ ಹಾಡು. "ಶಿವ ಶಿವಾ, ಮೇಕೆ ಕಡಿಯೂದನ್ನ ಓದ್ಲಿಕ್ಕೆ ಕೆಮಿಸ್ಟ್ರಿ ಬಿಟ್ಟಿ?" ಎಂದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಆ ಮೇಳದಲ್ಲಿ ಹಾಡುತ್ತಿದ್ದವನೊಬ್ಬ ಸಾಲು ಬಿಟ್ಟು ಹೊರಗೆ ಬಂದ. ಉಳಿದವರು ಕೇಳಿದ್ದಕ್ಕೆ ಅವನು ಉತ್ತರ ಕೊಟ್ಟ. ಅಷ್ಟೇ. ನಾಟಕ ಹುಟ್ಟಿತು.

"ನಮ್ಮ ದೊಡ್ಡಾಟದಾಗೂ ಹಿಮ್ಮೇಳ ಅದ," ಎಂದೆ ಬಿಟ್ಟುಕೊಡದೆ.

"ನಿಮ್ಮ ಹಿಮ್ಮೇಳ ಹಿಂದೆ ನಿಲ್ಲುತ್ತದೆ. ಇವರದು ಮೊದಲು ಮೇಳವೇ ಇತ್ತು. ವೇಷ ಆಮೇಲೆ ಬಂತು. ಒಬ್ಬ ನಟ, ಆಮೇಲೆ ಇಬ್ಬರು, ಆಮೇಲೆ ಮೂವರು. ಮೂರರ ಮೇಲೆ ಇಲ್ಲ. ಇಡೀ ನಾಟಕದ ರಾಜ, ರಾಣಿ, ದಾಸಿ, ದೇವರು ಎಲ್ಲ ಆ ಮೂವರೇ, ಮುಖವಾಡ ಬದಲಿಸಿ ಬದಲಿಸಿ."

ಆ ತಿಂಗಳೆಲ್ಲ ಹೀಗೇ ಒಂದೊಂದು ಬಾಂಬು ಹಾಕಿದಳು. ಹೆಂಗಸಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರಂತೆ. ಅದು ನಮಗೇನು ಹೊಸದಲ್ಲ. ಹೆಂಗಸರಿಗೆ ನೋಡುವುದಕ್ಕಾದರೂ ಬಿಡುತ್ತಿದ್ದರೋ ಇಲ್ಲವೋ ಎಂದು ಪಂಡಿತರು ಇವತ್ತಿಗೂ ಜಗಳ ಆಡುತ್ತಾರೆ ಎಂದಾಗ ಮಾತ್ರ ನನ್ನ ಮೈ ಉರಿಯಿತು. ಮೊದಮೊದಲು ಗುಡ್ಡದ ಇಳಿಜಾರಿನಲ್ಲಿ ಮರದ ಹಲಗೆಯ ಮೇಲೆ ಜನ ಕೂರುತ್ತಿದ್ದರು, ಕಲ್ಲಿನ ಮೆಟ್ಟಿಲು ಬಹಳ ಆಮೇಲಿನದು. ವೇಷ ಬದಲಿಸಲು ಹಾಕಿದ್ದ ಡೇರೆಯೇ ಮುಂದೆ ಅರಮನೆಯ ಬಾಗಿಲಾಯಿತು. ಕೊಲೆಗಳೆಲ್ಲ ಆ ಬಾಗಿಲ ಹಿಂದೆ. ಜನರಿಗೆ ಬರೀ ಕೂಗು ಕೇಳಿಸುತ್ತದೆ. ಆಮೇಲೆ ಬಾಗಿಲು ತೆರೆದು, ಗಾಲಿಯ ಹಲಗೆಯ ಮೇಲೆ ಹೆಣವನ್ನು ತಳ್ಳಿಕೊಂಡು ಬಂದು ನಡುವೆ ನಿಲ್ಲಿಸುತ್ತಾರೆ. ದಿನಾ ಅಂಥದೇ ಟ್ರಾಲಿ ತಳ್ಳುವವರ ಪಕ್ಕ ನಡೆಯುವ ನಾನೂ ಅದನ್ನು ಕೇಳಿ, "ಸಾಕು, ಬ್ಯಾರೆ ಏನರ ಹೇಳು" ಎಂದೆ.

ಇನ್ನೊಂದು ಸಂಗತಿ ಹೇಳಿದ್ದಳು. ಒಬ್ಬ ಕವಿ, ತಮ್ಮ ಸ್ನೇಹದ ಊರೊಂದು ಆಗಷ್ಟೇ ಶತ್ರುಗಳ ಕೈಗೆ ಬಿದ್ದದ್ದನ್ನೇ ನಾಟಕ ಮಾಡಿದ. ನೋಡುತ್ತಿದ್ದವರೆಲ್ಲ ಗೋಳೋ ಎಂದು ಅತ್ತರು. ನಮ್ಮ ದುಃಖವನ್ನೇ ನಮಗೆ ನೆನಪಿಸಿದೆ ಎಂದು ಊರವರು ಅವನಿಗೆ ದಂಡ ಹಾಕಿ, ಆ ನಾಟಕವನ್ನು ಮತ್ತೆ ಆಡಬಾರದೆಂದರು. ಆಮೇಲೆ ಬಂದ ಕವಿಗಳು ಹೆಚ್ಚಾಗಿ ಹಳೆಯ ಕಾಲದ, ಬೇರೆ ಊರಿನ ಕಥೆಗಳನ್ನೇ ಹಿಡಿದರು.

"ಛಲೋ ಮಾಡಿದ್ರು," ಎಂದೆ. "ಮನೀ ಮಾತು ಮಂದಿ ಮುಂದ ಆಡಬಾರದು."

ಅವಳು ನನ್ನ ಕಡೆ ತಿರುಗಿ ನೋಡಿದಳು. ಹಸಿರು ದೀಪ ಬಿದ್ದಿತ್ತು, ನಾನು ಗಾಡಿ ಬಿಟ್ಟೆ.

ನಮ್ಮ ಕನ್ನಡ ಬಳಗದ ವಾರ್ಷಿಕೋತ್ಸವ ಒಂದು ಶಾಲೆಯ ಸಭಾಂಗಣದಲ್ಲಿ, ಭಾನುವಾರ ಮಧ್ಯಾಹ್ನ. ಪ್ರತಿವರ್ಷ ದೊಡ್ಡ ಮಕ್ಕಳಿಗೆ ಅರ್ಧ ಗಂಟೆ ಕೊಡುತ್ತಾರೆ. ಅವರು ಸಿನಿಮಾ ಹಾಡಿಗೆ ಕುಣಿಯುತ್ತಾರೆ, ನಾವು ಫೋನಿನಲ್ಲಿ ಹಿಡಿಯುತ್ತೇವೆ. ಆ ವರ್ಷ ನನ್ನ ಮಗಳು ಆ ಅರ್ಧ ಗಂಟೆಯನ್ನು ತನಗೆ ಕೇಳಿದಳು. ಗ್ರೀಕರ ರೀತಿಯ ನಾಟಕ, ಕನ್ನಡದಲ್ಲಿ, ತಾನೇ ಬರೆದದ್ದು. ಕನ್ನಡದಲ್ಲಿ ಎಂದದ್ದು ಕೇಳಿ ನನ್ನ ಗಂಡ ಚಮಚ ಕೆಳಗಿಟ್ಟರು. ನಾನಂತೂ ಬೆರಗಾಗಿ ಹೋದೆ.

ಅವಳ ಲೆಕ್ಕಾಚಾರ ಸರಳವಾಗಿತ್ತು. ಇಲ್ಲಿನ ಮಕ್ಕಳು ಕನ್ನಡ ಆಡದೆ ಇರುವುದು ಬಾರದೆ ಅಲ್ಲ, ಆಡಿದಾಗಲೆಲ್ಲ ದೊಡ್ಡವರು ನಕ್ಕಿದ್ದಕ್ಕೆ. "ಅಯ್ಯೋ, ಎಷ್ಟು ಮುದ್ದಾಗಿ ಮಾತಾಡ್ತು ನೋಡಿ" ಎಂದು ಕೆನ್ನೆ ಹಿಂಡಿದ್ದಕ್ಕೆ. ಮುಖವಾಡ ಹಾಕಿಕೊಂಡರೆ ಆಡಿದವರು ಯಾರೆಂದು ತಿಳಿಯುವುದಿಲ್ಲ, ನಗು ಯಾರಿಗೂ ತಗಲುವುದಿಲ್ಲ. ಹನ್ನೆರಡು ಜನ ಒಟ್ಟಿಗೆ ಹೇಳಿದರೆ ಒಬ್ಬರ ತಪ್ಪು ಇನ್ನೊಬ್ಬರಲ್ಲಿ ಮುಳುಗಿಹೋಗುತ್ತದೆ. ಎರಡು ತಿಂಗಳು ನಮ್ಮ ಅಡಿಗೆಮನೆ ಕಾರ್ಖಾನೆಯಾಯಿತು. ಟ್ಯೂಬ್ ರೈಲಿನ ಸ್ಟೇಷನ್ನಿನಲ್ಲಿ ಪುಕ್ಕಟೆ ಸಿಗುವ ಪೇಪರು, ನನ್ನ ಮೈದಾ ಹಿಟ್ಟಿನ ಅಂಟು, ಊದಿದ ಬಲೂನು. ಕಿಟಕಿಯ ಮೇಲೆ ಬಾಯಿ ತೆರೆದ ಮುಖಗಳು ಸಾಲಾಗಿ ಒಣಗುತ್ತಿದ್ದವು. ಬೆಳಿಗ್ಗೆ ಚಹಾ ಮಾಡಲು ಹೋದಾಗ ಒಂದೊಂದು ದಿನ ಬೆಚ್ಚಿ ಬೀಳುತ್ತಿದ್ದೆ.

"ಬರದದ್ದು ತೋರಸು, ತಪ್ಪು ತಿದ್ದತೀನಿ," ಎಂದೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದಳು. "ಬೇಡ" ಎಂದು ಪರದೆಯನ್ನು ಎದೆಗೆ ಒತ್ತಿಕೊಂಡಳು. ನಾಚಿಕೆ ಇರಬೇಕು ಎಂದುಕೊಂಡೆ. ಎಂಥ ದಡ್ಡಿ ನಾನು.

ಆ ಭಾನುವಾರ ಸಭಾಂಗಣ ತುಂಬಿತ್ತು. ಮಕ್ಕಳು ವೇದಿಕೆ ಬಿಟ್ಟು ನೆಲದ ಮೇಲೆ ಬಿಳಿ ಟೇಪಿನಿಂದ ಒಂದು ದೊಡ್ಡ ವೃತ್ತ ಮಾಡಿ, ಮೂರು ಸುತ್ತು ಕುರ್ಚಿ ಹಾಕಿದ್ದರು. ವೃತ್ತದ ನಡುವೆ ಒಂದು ಸ್ಟೂಲು, ಗ್ರೀಕರ ಬಲಿಪೀಠದ ಜಾಗದಲ್ಲಿ. ನಮ್ಮ ಅಧ್ಯಕ್ಷರು ಅದರ ಮೇಲೆ ರಂಗಪೂಜೆಯ ತೆಂಗಿನಕಾಯಿ ಇಟ್ಟರು. ಕರ್ಪೂರ ಹಚ್ಚಲು ಶಾಲೆಯವರು ಬಿಡಲಿಲ್ಲ. ಬ್ಯಾಟರಿ ದೀಪಕ್ಕೇ ಕೈಮುಗಿದೆವು. ನಾನು ಎರಡನೆಯ ಸಾಲಿನಲ್ಲಿ, ಗಂಡನ ಪಕ್ಕ ಕೂತೆ.

ಹನ್ನೆರಡು ಮುಖವಾಡಗಳು ಸಾಲಾಗಿ ಬಂದು ವೃತ್ತದಲ್ಲಿ ಸುತ್ತಿದವು. ಅವು ಒಂದು ಹಳೆಯ ನಗರದ ಮುದುಕಿಯರು. ಕಥೆ ಇಷ್ಟು: ಆ ನಗರದಲ್ಲಿ ಬೇಡವಾದ ಕೂಸನ್ನು ಬಂಡಿಯಲ್ಲಿ ಒಯ್ದು ಗುಡ್ಡದ ಮೇಲೆ ಬಿಟ್ಟು ಬರುವ ಪದ್ಧತಿ. ರಾಣಿಯ ಮಗಳು ಈಗ ದೊಡ್ಡವಳಾಗಿದ್ದಾಳೆ, ನಾಳೆ ಅವಳ ಮದುವೆ. ತಾಯಿ ಎಲ್ಲ ಸಿದ್ಧತೆ ಮಾಡುತ್ತಾಳೆ, ಆದರೆ ಮಗಳ ಮುಖ ನೋಡುವುದಿಲ್ಲ. ಯಾಕೆಂದು ಮುದುಕಿಯರಿಗೆ ತಿಳಿಯಬೇಕಾಗಿದೆ. ಮಕ್ಕಳ ಕನ್ನಡ ಅಲ್ಲಲ್ಲಿ ಎಡವಿತು, ಒಬ್ಬರೂ ನಗಲಿಲ್ಲ. ಅವಳ ಲೆಕ್ಕ ಸರಿಯಾಗಿತ್ತು.

ಮುದುಕಿಯರು ಒಂದೇ ದನಿಯಲ್ಲಿ ಕೇಳಿದರು: "ಯಾಕವ್ವಾ ರಾಣಿ, ಮಗಳ ಮಾರಿ ಯಾಕ ನೋಡೂದಿಲ್ಲ?"

ಆಗ ಅವರಲ್ಲೊಬ್ಬಳು ಸಾಲು ಬಿಟ್ಟು ಹೊರಗೆ ಬಂದಳು. ಮುದುಕಿಯ ಮುಖವಾಡ ತೆಗೆದು, ಬೆನ್ನು ತಿರುಗಿಸಿ, ರಾಣಿಯದನ್ನು ಹಾಕಿಕೊಂಡಳು. ನನ್ನ ಮಗಳು. ರಾಣಿ ಸ್ಟೂಲಿನ ಮುಂದೆ ನಿಂತು, ಸೆರಗಿನಲ್ಲಿ ಕೈ ಒರೆಸಿಕೊಂಡು, ಸಣ್ಣಗೆ ನಕ್ಕಳು. ಅದು ನನ್ನ ನಗು.

"ಏನ್ ಹೇಳ್ಲಿ ಅಕ್ಕಾ," ಎಂದಳು ರಾಣಿ, ಅಚ್ಚ ಧಾರವಾಡದ ಕನ್ನಡದಲ್ಲಿ. "ಅವತ್ತ ಬಂಡಿ ತಪ್ಪಿತು, ಅಷ್ಟ. ಇಲ್ಲಂದ್ರ ಇಕಿ ಎಲ್ಲಿರ್ತಿದ್ಲು?"

ಸುತ್ತಲೂ ಜನ "ವಾ!" ಎಂದರು. ನನ್ನ ಗಂಡ ನನ್ನ ಮೊಣಕೈ ತಿವಿದು, "ಏನ್ ಮಾತಾಡ್ತಾಳಲೇ ನಮ್ಮ ಹುಡುಗಿ!" ಎಂದರು. ನನಗೆ ಉಸಿರು ಹೊರಡಲಿಲ್ಲ. ದಿನಾ ಹತ್ತು ಜನರ ಉಸಿರನ್ನು ಕಾಯುವವಳಿಗೆ ಸ್ವಂತದ್ದು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಆ ಮಾತು ನನ್ನದು. ಬಂಡಿ ಒಂದನ್ನು ಬಿಟ್ಟರೆ ಅಕ್ಷರ ಅಕ್ಷರವೂ ನನ್ನದು. ಭಾನುವಾರ ಬೆಳಿಗ್ಗೆ ಧಾರವಾಡದಿಂದ ಅಕ್ಕ ಫೋನ್ ಮಾಡುತ್ತಾಳೆ. ಫೋನನ್ನು ಸ್ಪೀಕರಿಗೆ ಹಾಕಿ, ಒಲೆಯ ಪಕ್ಕ ಒರಗಿಸಿ, ರೊಟ್ಟಿ ಬಡಿಯುತ್ತಾ ಮಾತಾಡುವುದು ನನ್ನ ರೂಢಿ. ಮಗಳು ಅಲ್ಲೇ ಮೇಜಿನ ಹತ್ತಿರ ಇರುತ್ತಿದ್ದಳು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ನಮ್ಮ ಮನೆಯ ಗೋಡೆಗೆ ಇಂಗ್ಲಿಷ್ ಮಾತ್ರ ಬರುತ್ತದೆ ಎಂದು ನಾನು ತಿಳಿದಿದ್ದೆ. ಇಲ್ಲಿ ನಮ್ಮ ಪೈಕಿ ಯಾರನ್ನು ಬೇಕಾದರೂ ಕೇಳಿ, ಎಲ್ಲ ತಾಯಂದಿರೂ ಹೀಗೇ ಮಾಡಿರುತ್ತೇವೆ. ಮಕ್ಕಳ ಎದುರಿಗೇ ಮಕ್ಕಳ ಮಾತು.

ಅವಳಿಗೆ ಹನ್ನೊಂದಾದ ವರ್ಷ ಒಳ್ಳೆಯ ಶಾಲೆಗೆ ಸೀಟು ಸಿಕ್ಕಿತ್ತು. ಅಕ್ಕನಿಗೆ ಹೇಳುವಾಗ ಸಂತೋಷ ಉಕ್ಕಿ, ಆ ಸಂತೋಷದಲ್ಲೇ ಅಂದಿದ್ದೆ: "ಏನ್ ಹೇಳ್ಲಿ ಅಕ್ಕಾ, ಅವತ್ತ ಬಸ್ ತಪ್ಪಿತು, ಅಷ್ಟ. ಇಲ್ಲಂದ್ರ ಇಕಿ ಎಲ್ಲಿರ್ತಿದ್ಲು?" "ಹೌದವಾ, ಆ ಕ್ಲಿನಿಕ್ಕಿಗೆ ಹೋಗಿದ್ರ ಇಕಿ ಹುಟ್ತಿದ್ದಿಲ್ಲ," ಎಂದಿದ್ದಳು ಅಕ್ಕ ಸ್ಪೀಕರಿನಲ್ಲೇ. ಆ ಬಸ್ಸಿನ ಕಥೆ ಗೊತ್ತಿದ್ದದ್ದು ಅಕ್ಕನಿಗೊಬ್ಬಳಿಗೇ. ನಾನು ಈ ದೇಶಕ್ಕೆ ಬಂದ ಹೊಸತು. ಆರು ತಿಂಗಳ ನೌಕರಿ, ಬಾಡಿಗೆಯ ಒಂದು ಕೋಣೆ, ಪರೀಕ್ಷೆ ಇನ್ನೂ ಬಾಕಿ. ಗಂಡ ವೀಸಾ ಕಾಯುತ್ತಾ ಹುಬ್ಬಳ್ಳಿಯಲ್ಲಿದ್ದರು. ಬಸಿರಾಗಿದೆ ಎಂದು ಅವರಿಗಿನ್ನೂ ಹೇಳಿರಲಿಲ್ಲ. "ಈಗ ಬ್ಯಾಡ, ಸುಮ್ಮನ ಹೋಗಿ ತಗಸ್ಕೊಂಡು ಬಾ," ಎಂದಿದ್ದಳು ಅಕ್ಕ. ಕ್ಲಿನಿಕ್ಕಿಗೆ ದಿನ ಗೊತ್ತು ಮಾಡಿದ್ದೆ. ಅವತ್ತು ಹೋಗಲಿಲ್ಲ.

ವೃತ್ತದಲ್ಲಿ ಮುದುಕಿಯರು ಕೇಳುತ್ತಿದ್ದರು: "ಬಂಡಿ ಯಾಕ ತಪ್ಪಿತವ್ವಾ?" "ಎತ್ತು ಕುಂಟತಿತ್ತು," ಎಂದಳು ರಾಣಿ. "ಎತ್ತು ಕುಂಟಲಿಲ್ಲಂದ್ರ?" ರಾಣಿ ಮತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅರಮನೆಯೆಂದು ಕಟ್ಟಿದ್ದ ಪರದೆಯ ಹತ್ತಿರ ಎರಡನೆಯ ಮುಖವಾಡವೊಂದು, ರಾಣಿಯ ಮಗಳದ್ದು, ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ನಿಂತಿತ್ತು. ಅದು ಒಳಗೆ ಹೋಯಿತು. ಒಳಗಿನಿಂದ ಕೂಗು ಬರುತ್ತದೆಂದು ಕಾದೆ. ಬರಲಿಲ್ಲ. ಪರದೆ ಸರಿಯಿತು, ಶಾಲೆಯ ಕುರ್ಚಿ ಸಾಗಿಸುವ ಟ್ರಾಲಿಯೊಂದನ್ನು ಇಬ್ಬರು ತಳ್ಳಿಕೊಂಡು ಬಂದರು. ಅದರ ಮೇಲೆ ಬರೀ ಮಗಳ ಮುಖವಾಡ. ಅದರ ಕೆಳಗೆ ಯಾರೂ ಇರಲಿಲ್ಲ.

ಚಪ್ಪಾಳೆಯೋ ಚಪ್ಪಾಳೆ. ಎದ್ದು ನಿಂತರು ಜನ. ನಾನು ಕೂತೇ ಇದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಸುತ್ತಲಿನವರ ಮುಖ ನೋಡಿದೆ. ಯಾರಿಗೂ ಏನೂ ಗೊತ್ತಿರಲಿಲ್ಲ. ಮೈಸೂರಿನವರು ಕಣ್ಣೊರೆಸಿಕೊಳ್ಳುತ್ತಾ ಬಂದು, "ಎಂಥಾ ಕನ್ನಡ ಕಲಿಸಿದ್ದೀರಾ ರೀ ಮಗಳಿಗೆ!" ಎಂದರು. ಹೌದು, ನಾನೇ ಕಲಿಸಿದ್ದೆ. ಗಂಡ ಉಪ್ಪಿಟ್ಟಿನ ಸಾಲಿನಲ್ಲಿ ನಿಂತು ಎಲ್ಲರ ಕೈ ಕುಲುಕುತ್ತಿದ್ದರು. ನಾನು ಪರದೆಯ ಹಿಂದೆ ಹೋದೆ.

ಹಿಂದಿನ ತರಗತಿಯ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಸಣ್ಣ ಮಕ್ಕಳ ಗಿಡ್ಡ ಕುರ್ಚಿಯ ಮೇಲೆ ಕೂತು ಹಣೆಗೆ ಅಂಟಿದ ಹಿಟ್ಟು ಕೆರೆಯುತ್ತಿದ್ದಳು. ನನಗೆ ಮೊದಲು ಬಂದದ್ದು ಸಿಟ್ಟೇ. ಅದನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ.

"ನಾಚಿಕಿ ಬರೂದಿಲ್ಲೇನು ನಿನಗ? ಇಡೀ ಮಂದಿ ಮುಂದ?"

"ಯಾರಿಗೂ ತಿಳಿದಿಲ್ಲ," ಎಂದಳು ಇಂಗ್ಲಿಷಿನಲ್ಲಿ. "ದಂಡ ಬಿದ್ದ ಮೇಲೆ ಆ ಗ್ರೀಕ್ ಕವಿಗಳು ಮಾಡಿದ್ದನ್ನೇ ನಾನೂ ಮಾಡಿದೆ. ಹಳೆಯ ಕಾಲ, ಬೇರೆ ಊರು. ಅಲ್ಲಿ ಕೂತವರಲ್ಲಿ ಒಬ್ಬರಿಗೇ ಗೊತ್ತಾಗುವಂತಿತ್ತು."

"ಮನ್ಯಾಗ ಕೇಳಬಹುದಿತ್ತಲಾ."

"ಹನ್ನೊಂದು ವರ್ಷದವಳು ಹೇಗೆ ಕೇಳಬೇಕಿತ್ತು, ಅಮ್ಮಾ? ಹುಡುಕಿ ಹುಡುಕಿ ಅರ್ಥ ಮಾಡಿಕೊಂಡೆ. ಆಮೇಲೆ ಪ್ರತಿಸಲ ಬಸ್ ಹತ್ತುವಾಗ ನೆನಪಾಗುತ್ತಿತ್ತು. ಅವತ್ತು ನೀನು ಎರಡು ನಿಮಿಷ ಮೊದಲು ಸ್ಟಾಪಿಗೆ ಬಂದಿದ್ದರೆ ನಾನು ಇಲ್ಲ."

ಅಳುತ್ತಿರಲಿಲ್ಲ. ಏಳು ವರ್ಷದ ಹಿಂದೆಯೇ ಅತ್ತು ಮುಗಿಸಿದವಳ ಹಾಗೆ ಹೇಳಿದಳು. ಅವಳು ಸ್ಕೂಲಿನ ಬಸ್ಸಿಗೆ ತಡವಾದಾಗಲೆಲ್ಲ ನಾನು ಬೈದದ್ದು ನೆನಪಾಯಿತು. ನನ್ನ ಸಿಟ್ಟು ಎಲ್ಲಿ ಬಿದ್ದುಹೋಯಿತೋ. ಅವಳ ಎದುರು ಇನ್ನೊಂದು ಗಿಡ್ಡ ಕುರ್ಚಿಯ ಮೇಲೆ ಕೂತೆ. ಮೊಣಕಾಲು ಎದೆಗೆ ಬಂದವು.

"ಬಸ್ ತಪ್ಪಿರಲಿಲ್ಲ," ಎಂದೆ.

ಅವಳು ಕೆರೆಯುವುದನ್ನು ನಿಲ್ಲಿಸಿದಳು.

ಈ ಮಾತನ್ನು ನಾನು ಅಕ್ಕನಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ನಮ್ಮ ಮನೆತನದಲ್ಲಿ ಯಾರೂ 'ನನಗೆ ಬೇಕು' ಎಂದು ಬಾಯಿಬಿಟ್ಟು ಹೇಳಿದವರಲ್ಲ. ಮದುವೆ ಆಯಿತು ಎನ್ನುತ್ತೇವೆ, ಮಕ್ಕಳಾದವು ಎನ್ನುತ್ತೇವೆ, ಲಂಡನ್ನಿಗೆ ಬರುವ ಹಾಗಾಯಿತು ಎನ್ನುತ್ತೇವೆ. ಕೈಯಲ್ಲಿ ಕಾಸಿಲ್ಲದೆ, ಗಂಡ ಜೊತೆಗಿಲ್ಲದೆ, ನನಗೆ ಈ ಕೂಸು ಬೇಕು ಎಂದರೆ ಅಕ್ಕ ನನ್ನನ್ನು ಹುಚ್ಚಿ ಅನ್ನುತ್ತಿದ್ದಳು. ಬಸ್ ತಪ್ಪಿತು ಎಂದೆ. ತಪ್ಪನ್ನು ಬಸ್ಸಿನ ಮೇಲೆ ಹಾಕಿದರೆ ಯಾರೂ ಮುಂದೆ ಕೇಳುವುದಿಲ್ಲ. ಹೇಳಿ ಹೇಳಿ ನನಗೂ ಅದೇ ರೂಢಿಯಾಯಿತು.

"ಬಸ್ ಟೈಮಿಗೇ ಬಂತು," ಎಂದೆ. "ನನ್ನ ಮುಂದನ ನಿಂತು ಬಾಗಿಲಾ ತಗೀತು. ಡ್ರೈವರ್ ನನ್ನ ನೋಡಿ, ಹತ್ತತೀಯೇನಮ್ಮಾ ಅಂತ ಕೇಳಿದ. ಇಲ್ಲ ಅಂದೆ. ಅಂವಾ ಮತ್ತೊಮ್ಮೆ ಕೇಳಿದ, ಖರೇನ ಹತ್ತೂದಿಲ್ಲಾ ಅಂತ. ಹತ್ತೂದಿಲ್ಲ ಅಂದೆ. ಬಸ್ ಹೋತು. ನಾ ಮನೀಗೆ ನಡಕೋತ ಬಂದೆ."

ಅವಳು ನನ್ನ ಮುಖವನ್ನೇ ನೋಡಿದಳು. ಹೊರಗೆ ಯಾರೋ ಕುರ್ಚಿಗಳನ್ನು ಮಡಚುತ್ತಿದ್ದರು. ನಂಬುತ್ತಾಳೋ ಇಲ್ಲವೋ ತಿಳಿಯಲಿಲ್ಲ. ನಂಬದಿದ್ದರೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ಡ್ರೈವರ್ ಈಗ ಎಲ್ಲಿದ್ದಾನೋ.

"ಇನ್ನೊಮ್ಮೆ ಹೇಳು," ಎಂದಳು. ಕನ್ನಡದಲ್ಲಿ, ಮುಖವಾಡವಿಲ್ಲದೆ. "ಬಸ್ ಬಂತಲಾ, ಅಲ್ಲಿಂದ ಹೇಳು."

ಹೇಳಿದೆ. ಬಸ್ ಬಂತು, ಬಾಗಿಲಾ ತಗೀತು, ನಾ ಹತ್ತಲಿಲ್ಲ. ಮುಗಿದ ಮೇಲೆ ಅವಳು ಮತ್ತೆ ಹೇಳು ಎಂದಳು. ಮತ್ತೆ ಹೇಳಿದೆ.